ಹೆಸರನ್ನು ಕೊನೆಗೆ ಓದಿ

ನನ್ನ ಹತ್ತಿರ ಒಂದು ಜಪಾನಿ ಕತ್ತಿಯೂ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದ್ರೆ ನನ್ನ ಈ ಹುಚ್ಚಿನ ಸುದ್ದಿ ತಿಳಿದು ಮನೆಗೆ ಬಂದವರು ಕಾಫಿಗಿಂತ ಮುಂಚೆ ಗೋಡೆ ಕಡೆ ನೋಡುತ್ತಾರೆ. ಗೋಡೆ ಮೇಲೆ ಸಿದ್ಧಗಂಗೆ ಸ್ವಾಮೀಜಿ ಫೋಟೋ ಇರುವ ಕ್ಯಾಲೆಂಡರ್ ಬಿಟ್ಟರೆ ಏನೂ ಇಲ್ಲ. ನಾನು ಕೂಡಿಡುವುದು ಸಹಿಗಳನ್ನು. ಕತ್ತಿ ಮಾಡಿದ ಕಮ್ಮಾರ ತನ್ನ ಹೆಸರನ್ನು ಉಕ್ಕಿನ ಮೇಲೆ ಚಾಣದಲ್ಲಿ ಕೆತ್ತಿರುತ್ತಾನಲ್ಲ, ಅದರ ಫೋಟೋ, ಅದರ ಪಡಿಯಚ್ಚಿನ ಪ್ರಿಂಟು, ಪಕ್ಕದಲ್ಲಿ ನನ್ನ ಟಿಪ್ಪಣಿ. ಬೀರುವಿನಲ್ಲಿ ಒಂದಷ್ಟು ಫೈಲು, ಲ್ಯಾಪ್‌ಟಾಪಿನಲ್ಲಿ ದೊಡ್ಡ ಫೋಲ್ಡರು, ಅಷ್ಟೇ ನನ್ನ ಆಸ್ತಿ.

ಶುರುವಾಗಿದ್ದು ಲೇತ್ ಮಷೀನಿನಿಂದ. ತುಮಕೂರಿನ ಅಂತರಸನಹಳ್ಳಿ ಇಂಡಸ್ಟ್ರಿಯಲ್ ಏರಿಯಾದಲ್ಲಿ ನಾನು ಕೆಲಸ ಮಾಡುವ ಟೂಲ್‌ರೂಮಿನಲ್ಲಿ ಜಪಾನಿನಿಂದ ಬಂದ ಸೆಕೆಂಡ್ ಹ್ಯಾಂಡ್ ಮಷೀನುಗಳಿವೆ. ಹಳೆಯವುಗಳ ಪ್ಲೇಟಿನ ಮೇಲೆ ಇಸವಿ ನಮ್ಮ ಲೆಕ್ಕದಲ್ಲಿ ಇರುವುದಿಲ್ಲ, 'ಶೋವಾ 52' ಅಂತ ಇರುತ್ತದೆ. ಶೋವಾ ಅಂದರೆ ಹಿರೋಹಿಟೊ ಚಕ್ರವರ್ತಿಯ ಕಾಲ, 1926 ಅದರ ಮೊದಲ ವರ್ಷ. ಹಾಗಾಗಿ 1925 ಕೂಡಿಸಿದರೆ ಆಯಿತು, 1977. ಇದು ಗೊತ್ತಾದ ಮೇಲೆ ಊರಿನ ಹೆಸರು, ತಿಂಗಳು, 'ತಯಾರಿಸಿದ್ದು' ಅನ್ನುವ ಅಕ್ಷರ, ಹೀಗೆ ಒಂದೊಂದೇ ಗುರುತು ಸಿಕ್ಕಿತು. ಒಂದು ದಿನ ರಾತ್ರಿ ಪಾಳಿಯಲ್ಲಿ ಫೋನ್ ನೋಡುತ್ತಿದ್ದಾಗ ಹಳೇ ಕತ್ತಿಯೊಂದರ ಹಿಡಿ ಬಿಚ್ಚಿ ತೆಗೆದ ಚಿತ್ರ ಕಂಡಿತು. ಅದರಲ್ಲೂ ಅದೇ ಕ್ರಮ. ದೇಶ (ಅವರ ಲೆಕ್ಕದಲ್ಲಿ ಪ್ರಾಂತ್ಯ), ಊರು, ಹೆಸರು, ವರ್ಷ, ತಿಂಗಳು. ಲೇತ್ ಪ್ಲೇಟನ್ನು 500 ವರ್ಷ ಹಿಂದಕ್ಕೆ ತಳ್ಳಿದ ಹಾಗೆ. ಅಲ್ಲಿಂದ ಸಿಕ್ಕಿಬಿದ್ದೆ.

ಜಪಾನಿ ಭಾಷೆ ಮಾತಾಡೋಕೆ ನನಗೆ ಈಗಲೂ ಬರುವುದಿಲ್ಲ. ಸಹಿ ಓದಲು ಅದು ಬೇಕಾಗಿಯೂ ಇಲ್ಲ. ಅದೇ ಅಕ್ಷರಗಳು ಮತ್ತೆ ಮತ್ತೆ ಬರುತ್ತವೆ. ಕಷ್ಟ ಇರುವುದು ಓದುವುದರಲ್ಲಿ ಅಲ್ಲ, ಓದಿದ್ದನ್ನು ನಂಬಬೇಕೋ ಬೇಡವೋ ಅನ್ನುವುದರಲ್ಲಿ.

ಸಹಿ ಎಲ್ಲಿರುತ್ತದೆ ಅಂತ ಮೊದಲು ನೋಡೋಣ. ಹೊರಗೆ ಕಾಣುವ ಅಲಗಿನ ಮೇಲೆ ಇರುವುದಿಲ್ಲ. ಕುಡುಗೋಲಿಗೂ ಮರದ ಹಿಡಿಯೊಳಗೆ ಹೋಗುವ ಬಾಲ ಇರುತ್ತದಲ್ಲ, ಹಾಗೆ ಈ ಕತ್ತಿಗೂ ಇದೆ, ಅದನ್ನು ಅವರು ನಕಾಗೊ ಅನ್ನುತ್ತಾರೆ. ನಾನು ಇಲ್ಲಿ ಸುಮ್ನೆ ಬಾಲ ಅಂತಲೇ ಬರೆಯುತ್ತೇನೆ. ಈ ಬಾಲವನ್ನು ಹಿಡಿಯೊಳಗೆ ಕೂರಿಸಿ, ಅಡ್ಡಲಾಗಿ ಬಿದಿರಿನ ಒಂದು ಸಣ್ಣ ಕಡ್ಡಿ ಹೊಡೆದಿರುತ್ತಾರೆ. ಸಾಮಾನ್ಯವಾಗಿ ಅಷ್ಟರಲ್ಲೇ ಇಡೀ ಕತ್ತಿ ನಿಂತಿರುತ್ತದೆ, ಅಂಟು ಇಲ್ಲ, ಸ್ಕ್ರೂ ಇಲ್ಲ. ಕಡ್ಡಿಯನ್ನು ಮೆಲ್ಲಗೆ ತಟ್ಟಿ ತೆಗೆದು, ಹಿಡಿಯನ್ನು ಎಡಗೈಯಲ್ಲಿ ನೆಟ್ಟಗೆ ಹಿಡಿದು, ಆ ಮಣಿಕಟ್ಟಿನ ಮೇಲೆ ಬಲಗೈ ಮುಷ್ಟಿಯಿಂದ ಗುದ್ದಿದರೆ ಬಾಲ ಸಡಿಲವಾಗಿ ಮೇಲೆ ಬರುತ್ತದೆ. ಬಲ್ಲವರ ಮುಂದೆ ಮಾತ್ರ ಮಾಡಿ, ಕೈ ಹೋದೀತು.

ಸಹಿ ಯಾವ ಕಡೆ ಇದೆ ಅನ್ನುವುದೇ ಮೊದಲ ಸುಳಿವು. ಮೊನೆ ಮೇಲೆ ಮಾಡಿ ಹಿಡಿದು, ಹೆಸರು ನಿಮ್ಮ ಕಡೆಗೆ ಬರುವ ಹಾಗೆ ತಿರುಗಿಸಿ. ಮಸೆದ ಬಾಯಿ ನಿಮ್ಮ ಎಡಕ್ಕೆ ಬಂದರೆ ಅದು ಕತಾನಾ ಕ್ರಮ, ಬಲಕ್ಕೆ ಬಂದರೆ ತಾಚಿ ಕ್ರಮ. ಹಿಂದಿನ ಕಾಲದ ಕುದುರೆ ಸವಾರರು ತಾಚಿಯನ್ನು ಸೊಂಟದಿಂದ ಬಾಯಿ ಕೆಳಗೆ ಮಾಡಿ ತೂಗುಹಾಕುತ್ತಿದ್ದರು. ಆಮೇಲೆ ಕತಾನಾವನ್ನು ಬಾಯಿ ಮೇಲೆ ಮಾಡಿ ನಡುಪಟ್ಟಿಯಲ್ಲಿ ಸಿಕ್ಕಿಸುವ ರೂಢಿ ಬಂತು. ಎರಡರಲ್ಲೂ ಹೆಸರು ಮೈಯಿಂದ ಹೊರಗಡೆಗೆ ಮುಖ ಮಾಡಿರಬೇಕು, ಹಾಗಾಗಿ ಬದಿ ಬದಲಾಯಿತು. ಒಳ್ಳೆ ನಿಯಮ ಅಂತ ನೆಮ್ಮದಿಯಾಗಿ ಕೂರುವ ಹೊತ್ತಿಗೆ ಹಿಝೆನ್ ಪ್ರಾಂತ್ಯದ ತದಯೋಶಿ ಮನೆತನದವರು ಬರುತ್ತಾರೆ. ಇವರು 17ನೇ ಶತಮಾನದಲ್ಲಿ, ಎಲ್ಲರೂ ಕತಾನಾ ಸಿಕ್ಕಿಸಿಕೊಂಡು ಓಡಾಡುವಾಗ, ಉದ್ದ ಕತ್ತಿಗಳ ಮೇಲೆ ತಾಚಿ ಕಡೆಗೇ ಹೆಸರು ಹಾಕುತ್ತಿದ್ದರು. ಅದು ಅವರ ಮನೆತನದ ಗುರುತೇ ಆಗಿಹೋಯಿತು. ಯಾರಾದರೂ ತದಯೋಶಿಯ ಉದ್ದ ಕತ್ತಿ ತೋರಿಸಿ, ಸಹಿ 'ಸರಿಯಾದ' ಕಡೆ ಇದ್ದರೆ ಸ್ವಲ್ಪ ಅನುಮಾನ ಪಡಬೇಕು ಅನ್ನುವ ತಮಾಷೆ ಪರಿಸ್ಥಿತಿ.

ಈಗ ಹೆಸರಿಗೆ ಬರೋಣ. ಕೆಲವರು ಎರಡೇ ಅಕ್ಷರದಲ್ಲಿ ಮುಗಿಸುತ್ತಾರೆ. ಕೆಲವರು ಅರ್ಜಿಯಲ್ಲಿ ವಿಳಾಸ ತುಂಬಿದ ಹಾಗೆ ಪೂರ್ತಿ ಬರೆಯುತ್ತಾರೆ. 'ಬಿಝೆನ್ ದೇಶದಲ್ಲಿ ವಾಸವಾಗಿರುವ ಒಸಾಫುನೆಯ ಯೋಸೋಝಾಯೆಮೊನ್-ನೊ-ಜೊ ಸುಕೆಸದ ಮಾಡಿದ್ದು' ಅಂತ ಒಂದು ಸಹಿ. ಒಸಾಫುನೆ ಈಗಿನ ಒಕಯಾಮಾ ಜಿಲ್ಲೆಯಲ್ಲಿ ಯೋಶಿಯಿ ನದಿ ದಂಡೆಯ ಊರು, ನೂರಾರು ವರ್ಷ ಕತ್ತಿಯ ಕುಲುಮೆಗಳೇ ತುಂಬಿದ್ದ ಜಾಗ. ಅಲ್ಲಿ ಸುಕೆಸದ ಅನ್ನುವ ಹೆಸರಿನವರು ಒಬ್ಬಿಬ್ಬರಲ್ಲ, ಹತ್ತಾರು ಜನ. 16ನೇ ಶತಮಾನದಲ್ಲಿ ಊರೂರಿಗೂ ಯುದ್ಧ, ಕತ್ತಿ ರಾಶಿ ರಾಶಿ ಬೇಕು. ಸಾಮಾನ್ಯ ಸೈನಿಕನಿಗೆ ಲೆಕ್ಕಕ್ಕೆ ಮಾಡಿಕೊಟ್ಟದ್ದರ ಮೇಲೆ 'ಬಿಶೂ ಒಸಾಫುನೆ ಸುಕೆಸದ' ಅಂತ (ಬಿಶೂ ಅಂದರೆ ಬಿಝೆನ್ನಿನ ಗಿಡ್ಡ ಹೆಸರು) ಚುಟುಕಾಗಿ ಹೊಡೆದು ಕಳಿಸುತ್ತಿದ್ದರು. ದೊಡ್ಡ ಮನುಷ್ಯರು ಹೇಳಿ ಮಾಡಿಸಿದ್ದರ ಮೇಲೆ ಬಿಝೆನ್ ದೇಶ ಅಂತ ಪೂರ್ತಿ ಬರೆದು, ಸ್ವಂತ ಹೆಸರೂ ಸೇರಿಸಿ, ತಾರೀಖು ಹಾಕುತ್ತಿದ್ದರು. ಮನೆತನದ ಹೆಸರು ಒಂದೇ, ಊರು ಒಂದೇ, ಆದರೆ ಮಧ್ಯದ ಆ ಕೆಲವು ಅಕ್ಷರ ಇದ್ದರೆ ಬೇರೆ ಲೋಕ. ಹೊಸಬರು ಸುಕೆಸದ ಅಂತ ಕಂಡ ತಕ್ಷಣ ಕುಣಿಯುತ್ತಾರೆ, ಮಧ್ಯ ಏನಿಲ್ಲ ಅಂತ ನೋಡುವುದಿಲ್ಲ.

ವಿಳಾಸ ಸಮೇತ ಸಹಿ ಹಾಕುವುದು ನಮಗೆ ಹೊಸದೇನಲ್ಲ, ಅಲ್ವಾ. ಬೇಲೂರಿನ ಮದನಿಕೆಗಳ ಕೆಳಗೆ ದಾಸೋಜ, ಅವನ ಮಗ ಚಾವಣ ಹೆಸರು ಬರೆದುಕೊಂಡಿದ್ದಾರೆ, ಬಳ್ಳಿಗಾವೆಯವರು ಅನ್ನುವುದನ್ನೂ ಹೇಳಿಕೊಂಡಿದ್ದಾರೆ. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರು ಎಷ್ಟು ಕಡೆ ಇದೆ ಅಂದರೆ ಹುಡುಕುವುದೇ ಬೇಡ. ನಮ್ಮ ತಿಪಟೂರು ತಾಲೂಕಿನ ಅರಳಗುಪ್ಪೆಯ ಚೆನ್ನಕೇಶವ ಗುಡಿಗೆ ಹೋಗಿ, ಹೊನೋಜನ ಹೆಸರು ಕೇಳಿ. ತುಮಕೂರು ಪಕ್ಕದ ಕೈದಾಳಕ್ಕೆ ಜಕಣಾಚಾರಿ ಕಥೆ ಕೇಳಿಕೊಂಡು ಬಸ್ಸುಗಟ್ಟಲೆ ಜನ ಬರುತ್ತಾರೆ, ಕಲ್ಲಿನ ಮೇಲೆ ಸ್ವತಃ ಹೆಸರು ಬರೆದವನ ಊರಿಗೆ ಯಾರೂ ಬರುವುದಿಲ್ಲ. ಇರಲಿ, ಅದು ಬೇರೆ ಜಗಳ.

ತಾರೀಖು ಸಾಮಾನ್ಯವಾಗಿ ಬಾಲದ ಇನ್ನೊಂದು ಬದಿಗೆ ಇರುತ್ತದೆ. ಕಾಲದ ಹೆಸರು, ಎಷ್ಟನೇ ವರ್ಷ, ಯಾವ ತಿಂಗಳು, ಕೊನೆಗೆ 'ಒಂದು ದಿನ' ಅನ್ನುವ ಅಕ್ಷರ. ಓಯೆಯಿ ಕಾಲ 1394ಕ್ಕೆ ಶುರು, ಹಾಗಾಗಿ ಓಯೆಯಿ 10 ಅಂದರೆ 1403. ತಿಂಗಳು ನೋಡಿದರೆ ನಗು ಬರುತ್ತದೆ. ಎಲ್ಲಿ ನೋಡಿದರೂ ಎರಡನೇ ತಿಂಗಳು, ಇಲ್ಲ ಎಂಟನೇ ತಿಂಗಳು. ವರ್ಷದ ಬೇರೆ ತಿಂಗಳಲ್ಲಿ ಕಮ್ಮಾರರು ನಿದ್ದೆ ಮಾಡುತ್ತಿದ್ದರು ಅಂತಲ್ಲ, ಆ ಎರಡು ತಿಂಗಳು ಕಾದ ಕತ್ತಿಯನ್ನು ನೀರಿಗೆ ಅದ್ದಿ ಹದ ಮಾಡಲು ಒಳ್ಳೆಯದು ಅನ್ನುವ ಹಳೇ ನಂಬಿಕೆ, ಆಮೇಲೆ ಅದೇ ರೂಢಿ. ಕೆಲವು ಸಹಿಗಳಲ್ಲಿ 60 ವರ್ಷದ ಚಕ್ರದ ಹೆಸರೂ ಇರುತ್ತದೆ. ನಮ್ಮ ಪ್ರಭವ ವಿಭವದ ಹಾಗೇ 60, ಆದರೆ ಕಟ್ಟುವ ಕ್ರಮ ಬೇರೆ. ಅವರದು ಹತ್ತರ ಒಂದು ಪಟ್ಟಿ, ಹನ್ನೆರಡು ಪ್ರಾಣಿಗಳ ಒಂದು ಪಟ್ಟಿ, ಎರಡನ್ನೂ ಜೊತೆಗೆ ಓಡಿಸಿದರೆ 60ಕ್ಕೆ ಮತ್ತೆ ಮೊದಲ ಜೋಡಿ. ಅವರ ಈಗಿನ ಸುತ್ತು 1984ಕ್ಕೆ ಶುರುವಾಯಿತು, ನಮ್ಮ ಪ್ರಭವ 1987ರ ಯುಗಾದಿಗೆ. ಶಾಸನದಲ್ಲಿ ಶಕವರ್ಷ ಒಂದು ಹೇಳಿ ಸಂವತ್ಸರ ಇನ್ನೊಂದು ಹೇಳಿದರೆ ನಮ್ಮ ಇತಿಹಾಸದ ಮೇಷ್ಟ್ರುಗಳು ಹೇಗೆ ಹುಬ್ಬು ಗಂಟಿಕ್ಕುತ್ತಾರೋ, ಕತ್ತಿಯಲ್ಲೂ ಕಾಲದ ವರ್ಷಕ್ಕೂ ಚಕ್ರದ ವರ್ಷಕ್ಕೂ ತಾಳೆಯಾಗದಿದ್ದರೆ ಹಾಗೇ ಗಂಟಿಕ್ಕಬೇಕು.

ಈಗ ಬರುವುದು ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ, ಸುಳ್ಳು ಸಹಿ. ಅವರು ಇದನ್ನು ಗಿಮೆಯಿ ಅನ್ನುತ್ತಾರೆ. ಇದು ಇತ್ತೀಚಿನ ಇಂಟರ್‌ನೆಟ್ ಮೋಸ ಅಂದುಕೊಳ್ಳಬೇಡಿ, ನೂರಾರು ವರ್ಷದ ಹಳೇ ಮೋಸ. ದೊರೆಗಳು ಒಬ್ಬರಿಗೊಬ್ಬರು ಕತ್ತಿ ಉಡುಗೊರೆ ಕೊಡುತ್ತಿದ್ದರು, ದೊಡ್ಡ ಹೆಸರಿನ ಕತ್ತಿಯೇ ಆಗಬೇಕು, ದೊಡ್ಡ ಹೆಸರಿನವರು ಎಷ್ಟು ಮಾಡಿಯಾರು? ನಾಗಸೋನೆ ಕೊತೆತ್ಸು ಅಂತ ಎದೋದಲ್ಲಿ, ಅಂದರೆ ಈಗಿನ ಟೋಕಿಯೋದಲ್ಲಿ, 17ನೇ ಶತಮಾನದ ಕಮ್ಮಾರ. ಮೊದಲು ಯುದ್ಧದ ಕವಚ ಮಾಡುತ್ತಿದ್ದ, ಸುಮಾರು ವಯಸ್ಸಾದ ಮೇಲೆ ಕತ್ತಿಗೆ ಬಂದ, ಬಂದವನು ಎಲ್ಲರನ್ನೂ ಮೀರಿಸಿದ. ಅವನ ಹೆಸರನ್ನು ಎಷ್ಟು ಜನ ಕದ್ದಿದ್ದಾರೆ ಅಂದರೆ, ಕೊತೆತ್ಸು ಕಂಡರೆ ಸುಳ್ಳು ಅಂತಲೇ ಹಿಡಿ ಅನ್ನುವ ಮಾತು ಸಂಗ್ರಹಕಾರರಲ್ಲಿ ಇದೆ. ಶಿನ್‌ಸೆನ್‌ಗುಮಿ ಅನ್ನುವ 19ನೇ ಶತಮಾನದ ಸಾಮುರಾಯ್ ಪಡೆಯ ನಾಯಕ ಕೊಂದೊ ಇಸಾಮಿ ತನ್ನ ಕತ್ತಿ ಕೊತೆತ್ಸು ಅಂತ ಮೆರೆಯುತ್ತಿದ್ದನಂತೆ, ಅದೂ ನಕಲಿಯೇ ಇರಬೇಕು ಅನ್ನುವವರು ಬಹಳ. ಕೊತೆತ್ಸು ತನ್ನ ಹೆಸರಿನ 'ಹುಲಿ' ಅಕ್ಷರವನ್ನೇ ಒಂದು ಕಾಲದಲ್ಲಿ ಕೊನೆಯ ಗೆರೆ ಚಿಮ್ಮಿಸಿ, ಇನ್ನೊಂದು ಕಾಲದಲ್ಲಿ ಚೌಕಾಕಾರವಾಗಿ ಬರೆದಿದ್ದಾನೆ. ಕತ್ತಿಯ ತಾರೀಖಿಗೂ ಹುಲಿಯ ಆಕಾರಕ್ಕೂ ಹೊಂದಿಕೆ ಇಲ್ಲದಿದ್ದರೆ ನಕಲು ಮಾಡಿದವನು ಅರ್ಧ ಓದಿಕೊಂಡು ಪರೀಕ್ಷೆಗೆ ಬಂದಿದ್ದಾನೆ ಅಂತ ಅರ್ಥ.

ಆದರೆ ಅಕ್ಷರದ ಆಕಾರವನ್ನು ಯಾರು ಬೇಕಾದರೂ ಕಲಿಯಬಹುದು. ನಾನು ಟೂಲ್‌ರೂಮಿನವನಾದ್ದರಿಂದ ನನ್ನ ಕಣ್ಣು ಚಾಣದ ಗುರುತಿಗೇ ಹೋಗುತ್ತದೆ. ಈ ಸಹಿಗಳು ಗೀಚಿದ್ದಲ್ಲ, ಹೊಡೆದದ್ದು. ಚಾಣದ ಮೂಲೆ ಇಟ್ಟು ಸುತ್ತಿಗೆಯಿಂದ ಟಕಟಕ ಅಂತ ಹೊಡೆಯುತ್ತಾ ಹೋದಾಗ ಒಂದು ಗೆರೆ ಅನ್ನುವುದು ಅಸಲಿಗೆ ಸಾಲು ಸಾಲು ಸಣ್ಣ ತ್ರಿಕೋನಗಳು. ಅವು ಎತ್ತ ಮುಖ ಮಾಡಿವೆ ಅನ್ನುವುದರಿಂದ ಚಾಣ ಎಡದಿಂದ ಬಲಕ್ಕೆ ಓಡಿತೋ ಬಲದಿಂದ ಎಡಕ್ಕೋ ಗೊತ್ತಾಗುತ್ತದೆ. ಅಕ್ಷರ ಕಲಿತ ನಕಲಿಯವನಿಗೂ ಕೈಯ ಅಭ್ಯಾಸ ಮುಚ್ಚಿಡುವುದು ಕಷ್ಟ. ಹೊಡೆದಾಗ ಲೋಹ ಪಕ್ಕಕ್ಕೆ ಉಬ್ಬುತ್ತದೆ, ನಾವು ಬರ್ ಅನ್ನುತ್ತೇವಲ್ಲ, ಅದೇ. ಹಳೆಯ ಸಹಿಯಲ್ಲಿ ಆ ಉಬ್ಬು ನೂರಾರು ವರ್ಷ ಹಿಡಿಯೊಳಗೆ ಉಜ್ಜಿ ಉಜ್ಜಿ ನುಣ್ಣಗಾಗಿರಬೇಕು. ಬೆರಳಿಗೆ ಚುರುಕ್ ಅಂತ ಸಿಕ್ಕಿದರೆ ಎಚ್ಚರ. ಇನ್ನು ಗೆರೆಯ ಒಳಗಿನ ತುಕ್ಕು. ಬಾಲದ ಮೈಯೆಲ್ಲ ಕಪ್ಪು ಕಂದು ಬಣ್ಣಕ್ಕೆ ತಿರುಗಿ, ಗೆರೆಯ ತಳ ಮಾತ್ರ ಕೆಂಪಗೆ ಇದ್ದರೆ, ಮೈಗೊಂದು ವಯಸ್ಸು ಹೆಸರಿಗೊಂದು ವಯಸ್ಸು.

ಇದಕ್ಕೇ ನಾನು ಹೇಳುವುದು, ಹೆಸರನ್ನು ಕೊನೆಗೆ ಓದಿ ಅಂತ. ಹೆಸರು ಓದಿದ ಕ್ಷಣದಿಂದ ಕಣ್ಣು ಲಂಚ ತಿಂದ ಹಾಗೆ, ಉಳಿದದ್ದೆಲ್ಲ ಅದಕ್ಕೆ ಒಪ್ಪುವಂತೆಯೇ ಕಾಣಲು ಶುರುವಾಗುತ್ತದೆ. ಮೊದಲು ಅಲಗಿನ ಉದ್ದ ಮತ್ತು ಬಾಗು ನೋಡಿ. ಎರಡು ಶಾಕು, ಅಂದರೆ ಸುಮಾರು 60 ಸೆಂಟಿಮೀಟರ್ ದಾಟಿದರೆ ಉದ್ದ ಕತ್ತಿ, ಒಂದರಿಂದ ಎರಡರೊಳಗೆ ವಾಕಿಝಾಶಿ, ಒಂದಕ್ಕಿಂತ ಕಡಿಮೆ ಇದ್ದರೆ ತಾಂತೊ. ಬಾಗು ಹಿಡಿಯ ಹತ್ತಿರ ಜಾಸ್ತಿ ಇದೆಯೋ ನಡುವೆ ಇದೆಯೋ ನೋಡಿ. ಆಮೇಲೆ ಬಾಲ. ಅದರ ತುದಿ ದುಂಡಗಿದೆಯೋ, ಚೂಪಾಗಿದೆಯೋ, ಒಂದು ಕಡೆಗೆ ಓರೆಯಾಗಿದೆಯೋ. ಅರದ ಗೆರೆಗಳು ಅಡ್ಡಕ್ಕೆ ನೇರವಾಗಿವೆಯೋ, ಇಳಿಜಾರಾಗಿವೆಯೋ, ಗಿಡುಗನ ಗರಿಯ ಹಾಗೆ ಎರಡು ಕಡೆಗೂ ಇಳಿದಿವೆಯೋ. ಒಂದೊಂದು ಮನೆತನದ್ದು ಒಂದೊಂದು ರೀತಿ. ಬಿದಿರು ಕಡ್ಡಿ ಹೋಗುವ ತೂತು ಎಷ್ಟಿವೆ? ಇಷ್ಟೆಲ್ಲ ಆದ ಮೇಲೆ ಮನಸ್ಸಿನಲ್ಲೇ ಒಂದು ಕಾಲ, ಒಂದು ಪ್ರಾಂತ್ಯ ಅಂದಾಜು ಮಾಡಿ, ಬರೆದಿಟ್ಟುಕೊಳ್ಳಿ. ಆಗ ಹೆಸರಿಗೆ ಬನ್ನಿ.

ತೂತು ಎಷ್ಟು ಅಂತ ಕೇಳಿದ್ದು ಯಾಕೆ ಗೊತ್ತಾ? ಹಳೇ ಉದ್ದ ತಾಚಿಗಳನ್ನು ಮುಂದಿನ ಕಾಲದವರು ತಮಗೆ ಬೇಕಾದ ಅಳತೆಗೆ ಗಿಡ್ಡ ಮಾಡಿಸಿಕೊಂಡರು. ಮೊನೆ ಕಡೆ ಕತ್ತರಿಸುವ ಹಾಗಿಲ್ಲ, ಅಲ್ಲಿ ಹದ ಇದೆ. ಹಾಗಾಗಿ ಕೆಳಗಿನಿಂದ ಕತ್ತರಿಸಿ, ಅಲಗಿನ ಬುಡವನ್ನೇ ಹೊಸ ಬಾಲ ಮಾಡಿ ಹೊಸ ತೂತು ಕೊರೆಯುತ್ತಿದ್ದರು. ಹೆಸರು ಇದ್ದ ತುಂಡು ಕೆಳಗೆ ಬಿತ್ತು. ಕೆಲವರಿಗೆ ಮನಸ್ಸು ಬರಲಿಲ್ಲ, ಹೆಸರಿದ್ದ ಭಾಗವನ್ನು ತೆಳ್ಳಗೆ ಮಾಡಿ ಮಡಚಿ ಇನ್ನೊಂದು ಬದಿಗೆ ಕೂರಿಸಿದರು, ಆಗ ಅಕ್ಷರ ತಲೆಕೆಳಗಾಗಿ ಕಾಣುತ್ತದೆ. ಇನ್ನು ಕೆಲವರು ಹೆಸರಿನ ಚೂರನ್ನು ಮಾತ್ರ ಚೌಕಾಕಾರವಾಗಿ ಕತ್ತರಿಸಿ ಹೊಸ ಬಾಲಕ್ಕೆ ಕೆತ್ತಿ ಕೂರಿಸಿದರು. ಯಾವುದೂ ಮಾಡದವರ ಕತ್ತಿ ಹೆಸರಿಲ್ಲದ್ದಾಯಿತು. ಅಂಥವುಗಳಿಗೆ ಹೊನ್‌ಅಮಿ ಮನೆತನದ ಪರೀಕ್ಷಕರು ಇಂಥವನದೇ ಕೆಲಸ ಅಂತ ತೀರ್ಮಾನ ಕೊಟ್ಟು, ಕೆಲವಕ್ಕೆ ಬಂಗಾರದ ಅಕ್ಷರ ಕೂರಿಸುತ್ತಿದ್ದರು. ಬಂಗಾರದ ಹೆಸರು ಕಂಡರೆ ಅದು ಕಮ್ಮಾರನ ಮಾತಲ್ಲ, ಪರೀಕ್ಷಕನ ಅಭಿಪ್ರಾಯ.

ಎಲ್ಲರೂ ಹೆಸರು ಕೇಳಿರುವ ಕಮ್ಮಾರ ಮಾಸಮುನೆ ಸಹಿ ಹಾಕಿದ್ದೇ ಬಹಳ ಕಡಿಮೆ. ಅವನ ಕೆಲಸದಲ್ಲಿ ಮೇಲು ಅನ್ನಿಸಿಕೊಂಡ ಹೊಂಜೊ ಮಾಸಮುನೆ ಅನ್ನುವ ಕತ್ತಿ, ಹಿಂದೆ ಜಪಾನ್ ಆಳಿದ ತೊಕುಗಾವ ಮನೆತನದಲ್ಲಿತ್ತು. 1945ರ ಡಿಸೆಂಬರಿನಲ್ಲಿ, ಸೋತ ದೇಶದಲ್ಲಿ ಆಯುಧ ಒಪ್ಪಿಸಬೇಕು ಅನ್ನುವ ಆಜ್ಞೆಯಂತೆ ಟೋಕಿಯೋದ ಮೆಜಿರೊ ಪೊಲೀಸ್ ಠಾಣೆಗೆ ಕೊಟ್ಟರು. ಅಲ್ಲಿಂದ ಮುಂದೆ ಎಲ್ಲಿ ಹೋಯಿತೋ ಇವತ್ತಿಗೂ ಪತ್ತೆಯಿಲ್ಲ. ಸಹಿ ಇಲ್ಲದ ಕತ್ತಿ, ಯಾರದೋ ಮನೆ ಅಟ್ಟದ ಮೇಲೆ ಇದ್ದರೂ ಅವರಿಗೆ ತಿಳಿಯದು. ಹೆಸರಿಲ್ಲದ್ದಕ್ಕೆ ಬೆಲೆ ಇಲ್ಲ ಅನ್ನುವವರಿಗೆ ಇನ್ನೊಂದು ಉದಾಹರಣೆ ಕೊಡುತ್ತೇನೆ. ಸಾಂಚೋಮೊ ಅನ್ನುವ ತಾಚಿ, 16ನೇ ಶತಮಾನದ ದೊಡ್ಡ ಪಾಳೆಯಗಾರ ಉಎಸುಗಿ ಕೆನ್‌ಶಿನ್ ಹತ್ತಿರ ಇದ್ದದ್ದು, ಜಪಾನಿನ ರಾಷ್ಟ್ರೀಯ ನಿಧಿ, ಅದರ ಮೇಲೆ ಯಾರ ಹೆಸರೂ ಇಲ್ಲ. ಒಸಾಫುನೆ ಇರುವ ಸೆತೊಉಚಿ ಪಟ್ಟಣದ ನಗರಸಭೆ 2020ರಲ್ಲಿ ಜನರಿಂದ ದುಡ್ಡು ಕೂಡಿಸಿ ಅದನ್ನು 50 ಕೋಟಿ ಯೆನ್ ಕೊಟ್ಟು ಕೊಂಡುಕೊಂಡಿತು. ನಗರಸಭೆ ಕತ್ತಿ ಕೊಳ್ಳುತ್ತದೆ ಅಂತ ನಮ್ಮಲ್ಲಿ ಹೇಳಿದರೆ ಮೊದಲು ಚರಂಡಿ ಮಾಡಿಸಿ ಅನ್ನುತ್ತಾರೆ, ಅವರ ಊರಲ್ಲೂ ಒಂದಿಬ್ಬರು ಅಂದಿರಬಹುದು.

ಈಗ ನಮ್ಮ ಕಡೆಯ ಒಂದು ಕತ್ತಿಯ ಕಥೆ. ನನ್ನ ಜೊತೆ ಕೆಲಸ ಮಾಡುವ ಹುಡುಗನ ಹೆಂಡತಿ ಮನೆ ಮಧುಗಿರಿ ತಾಲೂಕು. ಅವರ ಮನೆಯ ಹಿಂದಿನ ತಲೆಮಾರಿನ ಯಜಮಾನರು ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದು ಎರಡನೇ ಮಹಾಯುದ್ಧದಲ್ಲಿ ಬರ್ಮಾಕ್ಕೆ ಹೋಗಿದ್ದರಂತೆ, ಬರುವಾಗ ಒಂದು ಕತ್ತಿ ತಂದರಂತೆ. 'ಸಾಮುರಾಯ್‌ದು ಅಣ್ಣ, ಐನೂರು ವರ್ಷದ್ದು' ಅಂತ ಹುಡುಗ ದಿನಾ ಕೊರೆಯುತ್ತಿದ್ದ. ಹೋದೆವು. ಕತ್ತಿ ದೇವರ ಕೋಣೆಯಲ್ಲಿತ್ತು. ಪ್ರತಿ ಆಯುಧಪೂಜೆಗೂ ಅರಿಶಿನ ಕುಂಕುಮ ಹಚ್ಚಿ, ಅದರಲ್ಲೇ ನಿಂಬೆಹಣ್ಣು ಕೊಯ್ಯುತ್ತಾರೆ. ನಿಂಬೆ ಹುಳಿ ಉಕ್ಕಿಗೆ ಏನು ಮಾಡುತ್ತದೆ ಅಂತ ಹೇಳಬೇಕಾ? ಅಲಗಿನ ಮೇಲೆ ಒಂದು ಕಡೆ ಸಾಲಾಗಿ ಕಪ್ಪು ಚುಕ್ಕೆ. ಆದರೂ ಅದನ್ನು ನಾನು ಮನ್ನಿಸಿದೆ, ಪೂಜೆ ಪೂಜೆಯೇ. ಮನ್ನಿಸಲಾಗದ್ದು ಹಿಡಿಯೊಳಗೆ ಇತ್ತು. ಹೆಸರು ಓದುವ ಆಸೆಗೆ ಯಾರೋ ಬಾಲವನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಹೊಸ ಚೊಂಬಿನ ಹಾಗೆ ಬೆಳ್ಳಗೆ ಮಾಡಿಟ್ಟಿದ್ದರು.

ಬಾಲದ ತುಕ್ಕು ಕಸ ಅಲ್ಲ. ಅದು ಕತ್ತಿಯ ವಯಸ್ಸಿನ ದಾಖಲೆ. ಅಲಗನ್ನು ಬಲ್ಲವರ ಕೈಲಿ ಮತ್ತೆ ಮಸೆಸಬಹುದು, ಬಾಲದ ಬಣ್ಣ ಹೋದರೆ ಹೋಯಿತು. ಜಪಾನಿನಲ್ಲಿ ಅಲಗು ಮಸೆಯುವವರು ಬಾಲ ಮುಟ್ಟುವುದೇ ಇಲ್ಲ.

ಅಕ್ಷರ ಮಾತ್ರ ಉಳಿದಿತ್ತು. 'ಸೇಕಿಯಲ್ಲಿ ವಾಸವಾಗಿರುವ ಕಾನೆ' ಅಂತ ಬಂದು ಕೊನೆಯ ಅಕ್ಷರ ಹುಣಸೆಹಣ್ಣಿಗೆ ಬಲಿಯಾಗಿತ್ತು. ಸೇಕಿ ಈಗಿನ ಗಿಫು ಜಿಲ್ಲೆಯ ಊರು, ಅಲ್ಲಿನ ಕಮ್ಮಾರರ ಹೆಸರು ಬಹಳಷ್ಟು 'ಕಾನೆ' ಅಂತಲೇ ಶುರುವಾಗುತ್ತದೆ. ಕಾನೆಸದ, ಕಾನೆಮೊತೊ ಅಂತ 500 ವರ್ಷದ ಹಿಂದಿನ ದೊಡ್ಡ ಹೆಸರುಗಳೂ ಇವೆ. ಹುಡುಗನ ಮುಖ ಅರಳಿತು. ಆದರೆ ನಾನು ಹೆಸರಿಗೆ ಮುಂಚೆಯೇ ಬೇರೆ ಎರಡು ವಿಷಯ ನೋಡಿಯಾಗಿತ್ತು. ಒಂದು, ಗೆರೆಗಳು ತೆಳ್ಳಗೆ ಗೀಚಿದ ಹಾಗಿದ್ದವು. ಯುದ್ಧಕಾಲದಲ್ಲಿ ಕಮ್ಮಾರನ ಬದಲು ಸಹಿ ಹೊಡೆಯಲು ಬೇರೆ ಕೆಲಸದವರೇ ಇದ್ದರು, ಅವರ ಕೈ ಹೀಗಿರುತ್ತದೆ. ಎರಡು, ಹೆಸರಿನ ಮೇಲ್ಗಡೆ ಒಂದು ಸಣ್ಣ ಅಚ್ಚಿನ ಗುರುತು. 1940ರ ಆಚೀಚೆ ಸೇಕಿಯಲ್ಲಿ ಸೈನ್ಯದ ಅಧಿಕಾರಿಗಳಿಗೆ ಅಂತ ರಾಶಿ ರಾಶಿ ತಯಾರಾದ ಕತ್ತಿಗಳಿಗೆ ಇಂಥ ಅಚ್ಚು ಹೊಡೆಯುತ್ತಿದ್ದರು. ಹಳೇ ಪದ್ಧತಿಯಲ್ಲಿ ಮಡಚಿ ಮಡಚಿ ತಟ್ಟಿದ ಉಕ್ಕಲ್ಲ, ಮಿಲ್ಲಿನ ಉಕ್ಕು, ನೀರಿನ ಬದಲು ಎಣ್ಣೆಯಲ್ಲಿ ಅದ್ದಿದ್ದು. ನಕ್ಷತ್ರದ ಅಚ್ಚು ಇದ್ದಿದ್ದರೆ ಮಾತು ಬೇರೆ, ಅದು ಸೈನ್ಯ ಒಪ್ಪಿದ, ಹಳೇ ಕ್ರಮದಲ್ಲೇ ತಟ್ಟಿದ ಕಮ್ಮಾರರ ಗುರುತು. ಇನ್ನೂ ಕೆಳಗಿನ ದರ್ಜೆಯವರಿಗೆ ಕೊಡುತ್ತಿದ್ದ ಕತ್ತಿಯಾದರೆ ಹೆಸರೇ ಇರುವುದಿಲ್ಲ, ಅಲಗಿನ ಬುಡದಲ್ಲಿ ಕಾರ್ಖಾನೆ ನಂಬರು ಇರುತ್ತದೆ.

ಇದನ್ನೆಲ್ಲ ಮೆತ್ತಗೆ ಹೇಳಿದೆ. ಹುಡುಗ ಸಪ್ಪಗಾದ. ಆ ಮನೆಯ ಅಜ್ಜಿ, ಕತ್ತಿ ತಂದವರ ಸೊಸೆ, ಅಲ್ಲಿವರೆಗೂ ಬಾಗಿಲ ಹತ್ತಿರ ಅವರೆಕಾಯಿ ಬಿಡಿಸುತ್ತಾ ಕೂತಿದ್ದವರು ಕೇಳಿದರು, 'ಹಂಗಾದ್ರೆ ನಮ್ ಮಾವನೋರಿಗಿಂತ ಚಿಕ್ಕದು ಅನ್ನಪ್ಪ ಇದು?' ಲೆಕ್ಕ ಹಾಕಿದರೆ ನಿಜ. ಮಾವನವರು ಹುಟ್ಟಿ ಇಪ್ಪತ್ತು ವರ್ಷ ಆದ ಮೇಲೆ ಹುಟ್ಟಿದ ಕತ್ತಿ. ಅಜ್ಜಿಗೆ ಇದು ಬಹಳ ತಮಾಷೆ ಅನ್ನಿಸಿತು, ನಾವು ಹೊರಡುವವರೆಗೂ ನಗುತ್ತಿದ್ದರು.

ಮಧುಗಿರಿಯಿಂದ ವಾಪಸ್ ಬರುವಾಗ ನನ್ನ ತಲೆಯಲ್ಲಿ ಇದ್ದದ್ದು ಬೇರೆಯೇ. 1800ರಲ್ಲಿ ಈಸ್ಟ್ ಇಂಡಿಯಾ ಕಂಪನಿಯವರಿಗಾಗಿ ಮೈಸೂರು ಸೀಮೆ ಸುತ್ತಿ ವರದಿ ಬರೆದ ಫ್ರಾನ್ಸಿಸ್ ಬುಕಾನನ್ ಈ ದಾರಿಯಲ್ಲಿ ಬಂದಾಗ ಮಧುಗಿರಿ, ಚನ್ನರಾಯನದುರ್ಗದ ಸುತ್ತ ಕಬ್ಬಿಣ ಕರಗಿಸುವುದನ್ನು ನೋಡಿ ಬರೆದುಕೊಂಡಿದ್ದಾನೆ. ಮಳೆಗಾಲದಲ್ಲಿ ಬೆಟ್ಟದಿಂದ ಹಳ್ಳಗಳಲ್ಲಿ ಇಳಿದು ಬರುವ ಕಪ್ಪು ಮರಳೇ ಇಲ್ಲಿನ ಅದಿರು. ಜಪಾನಿನ ಕತ್ತಿಯ ಉಕ್ಕೂ ಅದೇ ಕಪ್ಪು ಮರಳಿನದು. ಶಿಮಾನೆ ಜಿಲ್ಲೆಯ ಒಕುಇಝುಮೊದಲ್ಲಿ 1977ರಿಂದ ಮತ್ತೆ ಹಳೇ ಮಣ್ಣಿನ ಕುಲುಮೆ ಹೊತ್ತಿಸಿದ್ದಾರೆ, ಚಳಿಗಾಲದಲ್ಲಿ ಮೂರು ಹಗಲು ಮೂರು ರಾತ್ರಿ ಇದ್ದಿಲು ಮತ್ತು ಮರಳು ಸುರಿದು ಉಕ್ಕು ತೆಗೆಯುತ್ತಾರೆ, ಈಗಿನ ಕಮ್ಮಾರರಿಗೆ ಅಲ್ಲಿಂದಲೇ ಹಂಚಿಕೆ. ಮರಳು ಒಂದೇ ತರದ್ದು, ಬೆಂಕಿ ಒಂದೇ ತರದ್ದು. ಅಲ್ಲಿ ಆಯುಧ ಮಾಡಿದವನು ಹೆಸರು ಹಾಕಬೇಕು ಅಂತ 8ನೇ ಶತಮಾನದ ಆರಂಭದಲ್ಲೇ ಕಾನೂನು ಬಂದಿತ್ತು. ನಮ್ಮಲ್ಲಿ ಕಲ್ಲು ಕೆತ್ತಿದವನ ಹೆಸರು ಉಳಿಯಿತು, ಚನ್ನರಾಯನದುರ್ಗದಲ್ಲಿ ತಿದಿ ಒತ್ತಿದವನ ಹೆಸರು ಎಲ್ಲೂ ಇಲ್ಲ. ಇದಕ್ಕೆ ಜಾತಿಯ ಕಾರಣವೂ ಇದೆ ಅಂತ ನನಗನ್ನಿಸುತ್ತದೆ, ದೇವಸ್ಥಾನದ ಕೆಲಸಕ್ಕೆ ಸಿಕ್ಕ ಮಾನ ಕುಲುಮೆಯ ಕೆಲಸಕ್ಕೆ ಸಿಗಲಿಲ್ಲ.

ಕೊಳ್ಳುವ ಆಸೆ ಇರುವವರಿಗೆ ಎರಡು ಮಾತು. ಒಂದು, ಕಾನೂನು. ನಮ್ಮ ದೇಶದ ಆಯುಧ ನಿಯಮಗಳ ಪ್ರಕಾರ 9 ಇಂಚಿಗಿಂತ ಉದ್ದದ ಅಲಗು ಆಯುಧದ ಪಟ್ಟಿಗೆ ಬರುತ್ತದೆ (ಅಡುಗೆ, ಬೇಸಾಯ, ಕಾರ್ಖಾನೆ ಸಾಮಾನು ಬಿಟ್ಟು), ಪರವಾನಗಿ ಇಲ್ಲದೆ ಹೊರದೇಶದಿಂದ ತರಿಸುವ ಹಾಗಿಲ್ಲ. ಮನೆಯಲ್ಲೇ ಹಳೇದು ಇದ್ದರೆ ಡಿಸಿ ಆಫೀಸಿನಲ್ಲೋ ಠಾಣೆಯಲ್ಲೋ ಕೇಳಿಕೊಳ್ಳುವುದು ಒಳ್ಳೆಯದು. ಅಲ್ಲಿಂದ ಕಳಿಸುವವರಿಗೂ ಜಪಾನ್ ಸರ್ಕಾರದ ಅನುಮತಿ ಬೇಕು. ಎರಡು, ಕಾಗದ. ಜಪಾನಿನಲ್ಲಿ 1948ರಲ್ಲಿ ಹುಟ್ಟಿದ ಕತ್ತಿ ಸಂರಕ್ಷಣಾ ಸಂಘ ಕತ್ತಿ ಪರೀಕ್ಷಿಸಿ ದರ್ಜೆವಾರು ಪತ್ರ ಕೊಡುತ್ತದೆ. ಸಹಿ ಸುಳ್ಳು ಅನ್ನಿಸಿದರೆ ಪತ್ರ ಇಲ್ಲ. ಅದಕ್ಕೆ ಕೆಲವು ಮಾಲೀಕರು ಸುಳ್ಳು ಸಹಿಯನ್ನು ಅರದಿಂದ ತೆಗೆಸಿ, ಹೆಸರಿಲ್ಲದ ಕತ್ತಿ ಅಂತ ಮತ್ತೆ ಕಳಿಸಿ ಪತ್ರ ಪಡೆಯುತ್ತಾರೆ. ನನಗೆ ಇದು ಸರಿ ಕಾಣುವುದಿಲ್ಲ. 300 ವರ್ಷದ ಹಳೇ ಸುಳ್ಳು ಕೂಡ ಒಂದು ದಾಖಲೆಯೇ. ಆನ್‌ಲೈನಿನಲ್ಲಿ ಸಿಗುವ ಶೋಕಿ ಕತ್ತಿಗಳ ಬಗ್ಗೆ ಮಾತಾಡುವುದೇ ಬೇಡ, ಅವುಗಳ ತುಕ್ಕು ಬಣ್ಣದ ಡಬ್ಬಿಯಿಂದ ಬಂದದ್ದು.

ಸಹಿ ಕೂಡಿಡುವುದಕ್ಕೆ ಇದ್ಯಾವುದರ ಗೋಜಿಲ್ಲ. ತೆಳ್ಳನೆ ಕಾಗದವನ್ನು ಬಾಲದ ಮೇಲಿಟ್ಟು ಗಟ್ಟಿ ಮಸಿಯ ತುಂಡಿನಿಂದ ಮೆಲ್ಲಗೆ ಉಜ್ಜಿದರೆ ಅಕ್ಷರ ಬೆಳ್ಳಗೆ, ಮೈ ಕಪ್ಪಗೆ ಮೂಡುತ್ತದೆ. ಅವರು ಓಶಿಗತಾ ಅನ್ನುತ್ತಾರೆ. ನಮ್ಮ ಶಾಸನದವರು ಒದ್ದೆ ಕಾಗದ ಬಡಿದು ಪಡಿಯಚ್ಚು ತೆಗೆಯುತ್ತಾರಲ್ಲ, ಅದರ ಒಣ ತಮ್ಮ. ಕತ್ತಿಗೆ ಒದ್ದೆ ಕಾಗದ ಮಾತ್ರ ಖಂಡಿತ ಬೇಡ.

ನಿಮ್ಮ ಮನೆಯಲ್ಲೋ ನೆಂಟರ ಮನೆಯಲ್ಲೋ ಬರ್ಮಾದಿಂದ ಬಂದ ಕತ್ತಿ ಇದ್ದರೆ ಬಾಲಕ್ಕೆ ಹುಣಸೆಹಣ್ಣು, ಉಪ್ಪುಕಾಗದ, ತೆಂಗಿನೆಣ್ಣೆ ಯಾವುದನ್ನೂ ತಾಗಿಸಬೇಡಿ. ಬಿಚ್ಚಲು ಗೊತ್ತಿರುವವರಿಂದ ಹಿಡಿ ಬಿಚ್ಚಿಸಿ, ಕಪ್ಪು ಬಟ್ಟೆ ಮೇಲಿಟ್ಟು, ಮೊನೆ ಮೇಲ್ಗಡೆ ಬರುವ ಹಾಗೆ ನೆಟ್ಟಗೆ ಫೋಟೋ ತೆಗೆಯಿರಿ, ಎರಡೂ ಬದಿ. ಫ್ಲಾಶ್ ಹಾಕಬೇಡಿ, ಕಿಟಕಿಯ ಬೆಳಕು ಪಕ್ಕದಿಂದ ಓರೆಯಾಗಿ ಬೀಳಲಿ, ಆಗ ಚಾಣದ ಗುರುತು ನೆರಳು ಹಿಡಿದು ಎದ್ದು ಕಾಣುತ್ತದೆ. ಜೊತೆಗೆ ಒಂದು ಸ್ಕೇಲ್ ಇಡಿ. ಹೆಸರಿನ ಕ್ಲೋಸಪ್ ಕೊನೆಗೆ ತೆಗೆದರೆ ಸಾಕು, ಮೊದಲು ಇಡೀ ಬಾಲ, ತೂತು, ತುದಿ, ಎಲ್ಲ ಒಂದೇ ಚೌಕಟ್ಟಿನಲ್ಲಿ ಬರಲಿ.